ಹತ್ತೊಂಬತ್ತು ಒಂದುಗಳು

ಭಾನುವಾರ, ಮಧ್ಯಾಹ್ನ

ಅಕ್ಕಾ,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡ ಕೂಡಲೇ ಹರಿದು ಹಾಕದೆ ಇಲ್ಲಿಯವರೆಗೆ ಬಂದಿದ್ದೀಯಾದರೆ, ಇನ್ನು ಪೂರ್ತಿ ಓದಿಬಿಡು. ಆಮೇಲೆ ಏನು ಬೇಕಾದರೂ ಮಾಡು.

ಗುರುವಾರ ಬೆಳಿಗ್ಗೆ ಅಪ್ಪ ಹೋದರು. ಚಿಕ್ಕಪ್ಪ ಫೋನು ಮಾಡಿ ತಿಳಿಸಿರುತ್ತಾರೆ. ಮಲಗಿದ್ದ ಹಾಗೇ ಹೋದರು, ಪಾಪ ಏನೂ ಗೊತ್ತಾಗಲಿಲ್ಲ ಎಂದೂ ಹೇಳಿರುತ್ತಾರೆ. ಹಾಗೆ ಹೇಳಿ ಎಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ನಡೆದದ್ದು ಹಾಗಲ್ಲ. ಅಪ್ಪನಿಗೆ ಎಲ್ಲ ಗೊತ್ತಿತ್ತು. ಸ್ಟ್ರೋಕ್ ಆಗಿ ಬಿದ್ದು ಕಣ್ಣು ತೆರೆದ ದಿನದಿಂದ ಅವರಿಗೆ ಎಲ್ಲವೂ ಗೊತ್ತಿತ್ತು. ಅದನ್ನು ನಿನಗೆ ಹೇಳಬೇಕು. ಫೋನಿನಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲ.

ನಾವಿಬ್ಬರೂ ಕೊನೆಯ ಸಲ ಮುಖ ನೋಡಿಕೊಂಡದ್ದು ಅಪ್ಪನ ಹಾಸಿಗೆಯ ಪಕ್ಕದಲ್ಲೇ. ನೀನು ವರ್ಷಗಟ್ಟಲೆ ಐಸಿಯುವಿನಲ್ಲಿ ನರ್ಸ್ ಆಗಿ ದುಡಿದವಳು. ಒಂದು ಮುಖ ನೋಡಿದರೆ ನಿನಗೆ ತಿಳಿಯುತ್ತದೆ. ಇದನ್ನು ಎಳೆಯುವುದು ಬೇಡ, ಅಪ್ಪನಿಗೆ ಇದು ಶಿಕ್ಷೆ, ವೆಂಟಿಲೇಟರ್ ತೆಗೆಸೋಣ ಎಂದು ನೀನು ಮೆಲ್ಲಗೇ ಹೇಳಿದೆ. ನಾನು ಮೆಲ್ಲಗೆ ಉತ್ತರ ಕೊಡಲಿಲ್ಲ. ಹೆಣ ನೋಡಿ ನೋಡಿ ನಿನಗೆ ಬದುಕಿರುವವರೂ ಹಾಗೇ ಕಾಣುತ್ತಾರೆ ಎಂದೆ. ಇನ್ನು ನಮ್ಮನೆ ಹೊಸ್ತಿಲು ತುಳಿಯಬೇಡ ಎಂದೆ. ಇಬ್ಬರು ಮಕ್ಕಳ ಸಹಿಯೂ ಬೇಕಿತ್ತು. ನಾನು ಹಾಕಲಿಲ್ಲ. ನೀನು ಚೀಲ ಎತ್ತಿಕೊಂಡು ಹೊರಟೆ. ಮೆಟ್ಟಿಲ ತಿರುವಿನಲ್ಲಿ ಒಮ್ಮೆ ನಿಂತದ್ದು ಕಿಟಕಿಯಿಂದ ಕಂಡಿತು. ನಾನು ಕರೆಯಲಿಲ್ಲ.

ಆಮೇಲೆ ಅಪ್ಪನನ್ನು ಮೂರನೆಯ ಮಹಡಿಯ ದೀರ್ಘಕಾಲದ ವಾರ್ಡಿಗೆ ಹಾಕಿದರು. ಮೂಲೆಯ ಹಾಸಿಗೆ. ಕಿಟಕಿಯ ಕೆಳಗೆ ಆಸ್ಪತ್ರೆಯ ಲಾಂಡ್ರಿ, ಇಡೀ ದಿನ ಅದರ ಹಬೆ ಮೇಲಕ್ಕೆ ಬಂದು ಗಾಜು ಮಸುಕಾಗುತ್ತಿತ್ತು. ಹೊಲಿಗೆ ಅಂಗಡಿಯನ್ನು ನಾನು ಮಧ್ಯಾಹ್ನಕ್ಕೇ ಮುಚ್ಚಿ, ಗಿರಾಕಿಗಳ ಪ್ಯಾಂಟು ಲಂಗಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು, ಅಪ್ಪನ ಪಕ್ಕದಲ್ಲಿ ಕೂತು ಅಂಚು ಮಡಿಸುತ್ತಿದ್ದೆ. ಅಪ್ಪನ ಕಣ್ಣು ಚಾವಣಿಯ ಕಡೆ ತೆರೆದಿರುತ್ತಿತ್ತು. ಬೆರಳು ಅಲುಗದು, ತುಟಿ ಅಲುಗದು. ಅವರಿಗೆ ಪ್ರಜ್ಞೆ ಇಲ್ಲ, ತೆರೆದ ಕಣ್ಣನ್ನು ನಂಬಬೇಡಿ ಎಂದಿದ್ದರು ಡಾಕ್ಟರು. ನಾನು ಆ ಕಣ್ಣನ್ನು ನಂಬಿಕೊಂಡೇ ಇದ್ದೆ. ಆದರೆ ನಿಜ ಹೇಳುತ್ತೇನೆ ಅಕ್ಕಾ, ಬರಬರುತ್ತಾ ಅದು ನಂಬಿಕೆಯಾಗಿ ಉಳಿಯಲಿಲ್ಲ, ನಿನ್ನ ಮೇಲಿನ ಹಟವಾಗಿತ್ತು.

ಒಂದು ದಿನ ಅಂಗಿಯ ಗುಂಡಿ ಹಾಕುತ್ತಾ ಬೇಸರಕ್ಕೆ ನಮ್ಮ ಊಟದ ಹೊತ್ತಿನ ಆಟ ತೆಗೆದೆ. ನೆನಪಿದೆಯಲ್ಲ? ಅಪ್ಪ ಒಂದು ಸಂಖ್ಯೆ ಹೇಳಬೇಕು, ಅದನ್ನು ಶೇಷವಿಲ್ಲದೆ ಭಾಗಿಸುವ ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯನ್ನು ನಾವು ಹೇಳಬೇಕು. ಒಂದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಯಾವುದರಿಂದಲೂ ಒಡೆಯದ ಅವಿಭಾಜ್ಯ ಸಂಖ್ಯೆಯಾದರೆ ಬಾಯಿ ಬಿಡದೆ ಕಣ್ಣು ಮುಚ್ಚಿಕೊಳ್ಳಬೇಕು. ನೀನು ತುತ್ತು ಬಾಯಿಗೆ ಹೋಗುವುದರೊಳಗೆ ಉತ್ತರ ಹೇಳುತ್ತಿದ್ದೆ. ನನಗೆ ಗೊತ್ತಾಗದಿದ್ದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ. ಅಪ್ಪ ತಲೆಗೊಂದು ಮೊಟಕಿ, ತೊಂಬತ್ತೊಂದು ಎಲ್ಲರಿಗೂ ಹೀಗೇ ಮೋಸ ಮಾಡುತ್ತದೆ, ಒಡೆಯದ ಹಾಗೆ ಮುಖ ಮಾಡಿಕೊಂಡಿರುತ್ತದೆ, ಒಳಗೆ ಏಳು ಹದಿಮೂರು ಕೂತಿರುತ್ತವೆ ಎನ್ನುತ್ತಿದ್ದರು.

ಅದೇ ತೊಂಬತ್ತೊಂದನ್ನೇ ಅವತ್ತು ಕೇಳಿದೆ. ಅಪ್ಪನ ರೆಪ್ಪೆ ಬಿತ್ತು, ಎದ್ದಿತು. ಸುಮ್ಮನೆ ಮಿಟುಕುವುದು ಬೇರೆ, ಒತ್ತಿ ಮುಚ್ಚುವುದು ಬೇರೆ. ಅದು ಒತ್ತಿ ಮುಚ್ಚಿದ್ದು. ಏಳು ಸಲ ಮುಚ್ಚಿ ನಿಂತಿತು. ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಕಾಣೆ. ಇನ್ನೂರ ಇಪ್ಪತ್ತೊಂದು ಎಂದೆ. ಹದಿಮೂರು ಸಲ.

ಡಾಕ್ಟರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಒಣ ಮನುಷ್ಯ. ಬೂಟಿನ ದಾರವನ್ನೂ ಅಳೆದು ಕಟ್ಟಿಕೊಳ್ಳುವ ಜಾತಿ. ರೆಪ್ಪೆ ತಾನಾಗಿಯೇ ಹಾರುತ್ತದೆ, ಎಣಿಸುವವರು ತಮಗೆ ಬೇಕಾದ ಕಡೆ ಎಣಿಕೆ ನಿಲ್ಲಿಸುತ್ತಾರೆ, ಮನೆಯವರೆಲ್ಲ ಹೀಗೇ ಎಂದರು. ನನಗೆ ಸಿಟ್ಟು ಬಂತು. ಆದರೆ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಹಾಗಾದರೆ ನಾನಿಲ್ಲದಾಗ ನೀವೇ ಕೇಳಿ, ಉತ್ತರ ಗೊತ್ತಿಲ್ಲದವರ ಕೈಯಲ್ಲಿ ಎಣಿಸಿ ಎಂದೆ. ಅಪ್ಪನ ಒಂದುಗಳ ಹುಚ್ಚಿನ ಕತೆಯನ್ನೂ ಹೇಳಿದೆ.

ಆ ಹುಚ್ಚನ್ನು ನೀನು ಮರೆತಿರಲಾರೆ. ಅಡುಗೆಮನೆಯ ಬಾಗಿಲ ಹಿಂಭಾಗದಲ್ಲಿ ಸೀಮೆಸುಣ್ಣದಲ್ಲಿ ಬರೆದ ಒಂದುಗಳ ಸಾಲು. ಬೇರೆ ಗಂಡಸರಿಗೆ ಇಸ್ಪೀಟು, ನಮ್ಮನೆಯವರಿಗೆ ಒಂದು ಎನ್ನುತ್ತಿದ್ದಳು ಅಮ್ಮ. ಬರೀ ಒಂದೇ ಅಂಕಿಯನ್ನು ಸಾಲಾಗಿ ನಿಲ್ಲಿಸುತ್ತಾ ಹೋದರೆ ಯಾವ ಸಾಲು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂಬುದೇ ಅವರ ಚಿಂತೆ. ಎರಡು ಒಂದುಗಳ ಹನ್ನೊಂದು ಒಡೆಯದು. ಆರು ಒಂದುಗಳನ್ನು ಎರಡೆರಡಾಗಿ, ಮೂರು ಮೂರಾಗಿ ಪಾಲು ಮಾಡಬಹುದಾದ್ದರಿಂದ ಆ ಸಾಲು ಒಡೆದೇ ಒಡೆಯುತ್ತದೆ. ಏಳನ್ನು ಹಾಗೆ ಪಾಲು ಮಾಡಲಾಗದು, ಆದರೂ ಏಳು ಒಂದುಗಳ ಸಾಲು ಇನ್ನೂರ ಮೂವತ್ತೊಂಬತ್ತರ ಏಟಿಗೆ ಬೀಳುತ್ತದೆ. ಹನ್ನೊಂದರ ಸಾಲೂ ಬಿತ್ತು, ಹದಿಮೂರೂ ಬಿತ್ತು, ಹದಿನೇಳೂ ಬಿತ್ತು. ಹತ್ತೊಂಬತ್ತು ಒಂದುಗಳ ಸಾಲು ಮಾತ್ರ ಬೀಳಲಿಲ್ಲ. ಅದು ಅವಿಭಾಜ್ಯವೆಂದು ಯಾರೋ ಎಂದೋ ಸಾಧಿಸಿಬಿಟ್ಟಿದ್ದಾರೆಂದು ಅಪ್ಪನಿಗೆ ಗೊತ್ತಿತ್ತು. ಅವರಿಗೆ ಅದು ಸಾಲದು. ಬೇರೆಯವರು ಉಂಡರೆ ನನ್ನ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುತ್ತಿದ್ದರು. ಅದನ್ನು ಒಡೆಯುವುದು ಯಾವುದಾದರೂ ಇದ್ದರೆ, ಹತ್ತೊಂಬತ್ತರಿಂದ ಭಾಗಿಸಿದಾಗ ಅದರಲ್ಲಿ ಒಂದು ಉಳಿಯಲೇಬೇಕಂತೆ. ಹಾಗಾಗಿ ನೂರ ತೊಂಬತ್ತೊಂದು, ಇನ್ನೂರ ಇಪ್ಪತ್ತೊಂಬತ್ತು, ನಾನೂರ ಹತ್ತೊಂಬತ್ತು, ಹೀಗೆ ಒಂದೊಂದನ್ನೇ ಭಾಗಿಸಿ ನೋಡಿ ಹೊಡೆದು ಹಾಕುತ್ತಿದ್ದರು. ಒಂದು ಜನ್ಮಕ್ಕೆ ಮುಗಿಯುವ ಲೆಕ್ಕವಲ್ಲ ಅದು. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅವರನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಅದೊಂದೇ.

ಮರುದಿನ ಡಾಕ್ಟರು ನನ್ನನ್ನು ಕಾರಿಡಾರಿನಲ್ಲಿ ಕೂರಿಸಿ, ವಾರ್ಡಿನ ಹಿರಿಯ ನರ್ಸನ್ನು ಕರೆದುಕೊಂಡು ಒಳಗೆ ಹೋದರು. ನೀನು ನೋಡಿಲ್ಲ ಆಕೆಯನ್ನು, ದಪ್ಪ ಹೆಂಗಸು, ನಡೆದರೆ ಚಪ್ಪಲಿ ಮೊದಲು ಕೇಳಿಸುತ್ತದೆ. ಗಣಿತವೆಂದರೆ ಆಕೆಗೆ ಮೈಲಿ ದೂರ. ಡಾಕ್ಟರು ಕೇಳಿದ್ದು ಐದು ಒಂದುಗಳ ಸಾಲನ್ನು, ಹನ್ನೊಂದು ಸಾವಿರದ ನೂರ ಹನ್ನೊಂದನ್ನು. ಉತ್ತರ ಏನೆಂದು ಅವರು ಯಾರಿಗೂ ಹೇಳಿರಲಿಲ್ಲ. ನರ್ಸು ಜೋರಾಗಿ ಎಣಿಸುವುದು ಹೊರಗೆ ನನಗೆ ಕೇಳುತ್ತಿತ್ತು. ಏಳು ದಾಟಿತು, ಹದಿಮೂರು ದಾಟಿತು. ಇಪ್ಪತ್ತು ದಾಟಿದಾಗ ನಾನು ಮುಖ ಮುಚ್ಚಿಕೊಂಡೆ. ಡಾಕ್ಟರು ಹೇಳಿದ್ದೇ ನಿಜ, ರೆಪ್ಪೆ ಸುಮ್ಮನೆ ಹಾರುತ್ತಿದೆ, ಹಾರುತ್ತಲೇ ಇರುತ್ತದೆ ಎಂದುಕೊಂಡೆ. ಮೂವತ್ತರ ನಂತರ ಆಕೆಯ ದನಿ ನಿಧಾನವಾಯಿತು. ನಲವತ್ತೊಂದು ಎಂದ ಮೇಲೆ ಏನೂ ಕೇಳಲಿಲ್ಲ.

ನಾನು ಒಳಗೆ ಹೋದೆ. ಡಾಕ್ಟರು ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ನಲವತ್ತೊಂದನ್ನು ಇನ್ನೂರ ಎಪ್ಪತ್ತೊಂದರಿಂದ ಗುಣಿಸಿದರೆ ಆ ಸಂಖ್ಯೆ ಬರುತ್ತದೆಂದು ಆಮೇಲೆ ತಿಳಿಯಿತು. ಅಷ್ಟು ದಿನ ಅಪ್ಪನನ್ನು ‘ಮೂಲೆ ಬೆಡ್ಡು’ ಎನ್ನುತ್ತಿದ್ದ ಮನುಷ್ಯ ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದರು:

“ಕ್ಷಮಿಸಿ ಮೇಷ್ಟ್ರೇ. ನೀವಿದೀರ ಅಂತ ಗೊತ್ತಾಗ್ಲಿಲ್ಲ.”

ಆಮೇಲೆ, ಇನ್ನೇನು ಹೇಳಬೇಕೆಂದು ತೋಚದೆಯೋ ಏನೋ, ಹತ್ತೊಂಬತ್ತು ಒಂದುಗಳ ಬಗ್ಗೆ ಕೇಳಿದರು. ಅಪ್ಪ ರೆಪ್ಪೆ ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ನರ್ಸು ಗಾಬರಿಯಾಗಿ ನಾಡಿ ಹಿಡಿದಳು. ಗಾಬರಿಯಾಗಬೇಡಿ, ಅದು ಉತ್ತರ ಎಂದೆ. ಅಷ್ಟೂ ಜನರ ಎದುರಿಗೆ ನಾನು ನಕ್ಕುಬಿಟ್ಟೆ.

ಆ ಸಂಜೆ ನಿನಗೆ ಫೋನು ಮಾಡಬೇಕೆಂದು ಎಷ್ಟು ಆಸೆಯಾಯಿತು ಗೊತ್ತೇ? ಸಂತೋಷ ಹಂಚಿಕೊಳ್ಳಲು ಅಲ್ಲ. ನೋಡು, ನೀನು ಕೊಲ್ಲಬೇಕೆಂದಿದ್ದ ಮನುಷ್ಯ ಲೆಕ್ಕ ಮಾಡುತ್ತಿದ್ದಾನೆ ಎಂದು ಚುಚ್ಚಲು. ನಂಬರು ಒತ್ತಿದ್ದೆ ಕೂಡ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಅಪ್ಪ ಇಷ್ಟು ತಿಂಗಳೂ ಎಚ್ಚರವಾಗಿದ್ದರು. ಅವರನ್ನು ಹೊರಳಿಸಿ ಒರೆಸುವಾಗ ವಾರ್ಡಿನ ಹುಡುಗರು ಆಡುವ ಮಾತೆಲ್ಲ ಕೇಳಿದ್ದಾರೆ. ಮೂಗಿನ ನಳಿಗೆ ಬದಲಾಯಿಸುವಾಗ ನೋವಾಗಿದೆ. ಇವರಿಗೇನೂ ತಿಳಿಯದು ಎಂದುಕೊಂಡು ಯಾರೂ ಮೆಲ್ಲಗೆ ಮಾಡಿಲ್ಲ. ಅವರ ತಲೆಯ ಮೇಲೆ ನಿಂತು ನಾನು ನಿನಗೆ ಆಡಿದ ಒಂದೊಂದು ಮಾತನ್ನೂ ಕೇಳಿದ್ದಾರೆ. ಗೋಡೆಯೊಳಗೆ ಇಟ್ಟು ಗಾರೆ ಮಾಡಿದ ಹಾಗೆ ಅಪ್ಪ ಅಲ್ಲಿದ್ದರು, ನಾನು ಹೊರಗೆ ಕೂತು ಗುಂಡಿ ಹಾಕುತ್ತಿದ್ದೆ. ಫೋನು ಕೆಳಗಿಟ್ಟೆ.

ಸಂಖ್ಯೆಗೆ ಉತ್ತರ ಕೊಡುವವರು ಮಾತಿಗೂ ಕೊಡಬಹುದಲ್ಲ ಎಂದು ಡಾಕ್ಟರೇ ದಾರಿ ತೋರಿಸಿದರು. ವರ್ಣಮಾಲೆಯನ್ನು ನಾನು ಗಟ್ಟಿಯಾಗಿ ಹೇಳುತ್ತಾ ಹೋಗಬೇಕು. ಮೊದಲು ಸ್ವರ, ಕವರ್ಗ, ಚವರ್ಗ ಎಂದು ಸಾಲು. ಅಪ್ಪ ರೆಪ್ಪೆ ಒತ್ತಿದ ಸಾಲಿನೊಳಗೆ ಒಂದೊಂದೇ ಅಕ್ಷರ. ಹೌದಿಗೆ ಒಂದು ಸಲ, ಇಲ್ಲಕ್ಕೆ ಎರಡು ಸಲ. ಮೊದಲ ಮಾತು ಏನು ಬರಬಹುದೆಂದು ಕನಸು ಕಟ್ಟಿಕೊಂಡು ಹೋದೆ. ನನ್ನ ಹೆಸರು ಬರಬಹುದು, ನೀರು ಎನ್ನಬಹುದು ಎಂದೆಲ್ಲ.

ಬಂದದ್ದು ‘ಸ’, ಆಮೇಲೆ ‘ಕ’. ಸಕ್ಕರೆಯೇ ಎಂದು ಕೇಳಿದೆ. ಎರಡು ಸಲ ಮುಚ್ಚಿದರು. ಸ್ವರಗಳನ್ನೂ ಸೇರಿಸಿ ಮತ್ತೆ ಮೊದಲಿನಿಂದ ಹೇಳಿದೆ. ಸ, ಆ, ಕ, ಉ.

ಸಾಕು.

ನನಗೆ ತಿಳಿಯಿತು ಅಕ್ಕಾ. ಅಕ್ಷರ ಮುಗಿಯುವ ಮೊದಲೇ ತಿಳಿಯಿತು. ಆದರೂ, “ಸಾಕಾಯ್ತಾ ಇವತ್ತಿಗೆ? ಸುಸ್ತಾಗಿರತ್ತೆ, ಮಲ್ಕೊಳ್ಳಿ ಅಪ್ಪಾ” ಎಂದು ಹೊದಿಕೆ ಎಳೆದೆ. ಮರುದಿನವೂ ಅದೇ ಮಾತು ಬಂತು. ಅವತ್ತೂ ದಣಿವು ಎಂದೆ. ಅದರ ಮರುದಿನ ಅಕ್ಷರದ ಗೊಡವೆಯೇ ಬೇಡವೆಂದು ಸಂಖ್ಯೆಗಳ ಆಟಕ್ಕೆ ಮರಳಿದೆ. ತೊಂಬತ್ತೊಂದು ಎಂದೆ. ಅಪ್ಪ ರೆಪ್ಪೆ ಮುಚ್ಚಿ ತೆರೆಯಲೇ ಇಲ್ಲ. ಐವತ್ತು ಎಂದೆ. ಮುಚ್ಚಿಯೇ ಇತ್ತು. ನನಗೆ ಕೋಪ ಬಂದು ನಾಲ್ಕು ಎಂದೆ. ನಾಲ್ಕೂ ಒಡೆಯುವುದಿಲ್ಲ ಎಂದರು ಅಪ್ಪ. ಪರೀಕ್ಷೆಯಲ್ಲಿ ಒಂದು ಶೇಷ ತಪ್ಪಿದರೂ ನಮ್ಮನ್ನು ಊಟದಿಂದ ಎಬ್ಬಿಸಿ ತಿದ್ದಿಸುತ್ತಿದ್ದವರು, ಜೀವಮಾನದಲ್ಲಿ ಬಾಯಿ ತಪ್ಪಿಯೂ ತಪ್ಪು ಲೆಕ್ಕ ಹೇಳದವರು, ಬೇಕೆಂದೇ ತಪ್ಪು ಹೇಳಿದರು. ನನ್ನ ಬಾಯಿ ಮುಚ್ಚಿಸಲು ಅವರ ಬಳಿ ಉಳಿದಿದ್ದದ್ದು ಅಷ್ಟೇ.

ಹಿರಿಯ ನರ್ಸು ಇದನ್ನೆಲ್ಲ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಚಹಾ ತಂದು ಕೊಟ್ಟು ಪಕ್ಕದಲ್ಲಿ ಕೂತಳು. ದನಿ ಎತ್ತಲಿಲ್ಲ.

“ಅವರು ಮಾತಾಡ್ತಾನೇ ಇದಾರೆ. ನಿಮಗೆ ಬೇಕಾದ ಮಾತು ಬರೋವರೆಗೂ ನೀವು ಕಿವುಡರ ಥರ ಮಾಡ್ತಿದೀರ” ಎಂದಳು.

ಚಹಾ ಆರಿಹೋಯಿತು. ಆಕೆ ಎದ್ದು ಹೋಗಿ ಡಾಕ್ಟರಿಗೂ ಹೇಳಿದಳೆಂದು ಕಾಣುತ್ತದೆ. ಅವರು ಬೇರೆ ಇಬ್ಬರು ಡಾಕ್ಟರನ್ನು ಕರೆಸಿದರು. ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ, ಒಮ್ಮೆ ತಿರುಗಿಸಿ, ಒಮ್ಮೆ ನೇರವಾಗಿ, ಯಂತ್ರ ನಿಲ್ಲಿಸಬೇಕೇ, ನಿಲ್ಲಿಸಿದರೆ ಏನಾಗುತ್ತದೆಂದು ತಿಳಿದಿದೆಯೇ ಎಂದು ಕೇಳಿದರು. ಅಪ್ಪ ಒಮ್ಮೆಯೂ ತಡವರಿಸಲಿಲ್ಲ. ಈ ನಿರ್ಧಾರ ನಿಮ್ಮದೇ ತಾನೇ ಎಂದಾಗ ಅಕ್ಷರ ಬೇಕೆನ್ನುವಂತೆ ಕಣ್ಣು ಮೇಲೆತ್ತಿದರು. ನರ್ಸು ವರ್ಣಮಾಲೆ ಹೇಳಿದಳು. ನನ್ನಿಂದ ಆಗಲಿಲ್ಲ. ‘ದೊಡ್ಡವಳು ಅವತ್ತೇ ಹೇಳಿದ್ದಳು’ ಎಂದು ಬಂತು. ಅಷ್ಟು ಉದ್ದದ ಮಾತನ್ನು ಅವರು ಅದಕ್ಕೆ ಮೊದಲು ಆಡಿರಲಿಲ್ಲ. ಮುಗಿಯುವಷ್ಟರಲ್ಲಿ ಹಣೆಯ ಮೇಲೆಲ್ಲ ಬೆವರು.

ಆಮೇಲೆ ನೀನು ಬೇಕೆಂದರು. ಕರೆಸುತ್ತೇನೆ ಎಂದೆ. ನಿನಗೆ ಬರೆಯಲಿಲ್ಲ, ಫೋನು ಮಾಡಲಿಲ್ಲ. ನೀನು ರಜೆ ಕೇಳಿದ್ದೀಯ, ಹೊರಟಿದ್ದೀಯ ಎಂದು ಅಪ್ಪನಿಗೂ ಡಾಕ್ಟರಿಗೂ ಸುಳ್ಳು ಹೇಳಿದೆ. ನೀನು ಬಂದರೆ ಎಲ್ಲ ಮುಗಿಯುತ್ತದೆ, ನೀನು ಬರದಿದ್ದಷ್ಟು ದಿನ ಅಪ್ಪ ಕಾಯುತ್ತಾರೆ, ಕಾಯುವಷ್ಟು ದಿನ ಇರುತ್ತಾರೆ. ನನ್ನ ಲೆಕ್ಕ ಅದಾಗಿತ್ತು. ಅಷ್ಟರಲ್ಲಿ ಮಲಗಿ ಮಲಗಿ ಆಗಿದ್ದ ಬೆನ್ನಿನ ಹುಣ್ಣು ಎಲುಬಿನವರೆಗೆ ಹೋಯಿತು. ಕಣ್ಣಿಗೆ ಸೋಂಕಾಗಿ ಪಾಪೆಯ ಮೇಲೆ ಬಿಳಿ ಪೊರೆ ಕಟ್ಟಿತು, ಬೆಳಕು ಕತ್ತಲೆ ಬಿಟ್ಟು ಇನ್ನೇನೂ ಕಾಣದಾಯಿತು. ರೆಪ್ಪೆಯೂ ಹೋದರೆ ನಿಮ್ಮಪ್ಪನಿಗೆ ಬೇಡ ಎನ್ನಲೂ ಆಗದು, ಬೇಕು ಎನ್ನಲೂ ಆಗದು ಎಂದರು ಡಾಕ್ಟರು. ಅಪ್ಪನೇ ಕೇಳಿದ್ದರಿಂದ ಇನ್ನು ಮಕ್ಕಳ ಸಹಿ ಬೇಕಿರಲಿಲ್ಲ. ಗುರುವಾರ ಎಂದು ಗೊತ್ತು ಮಾಡಿದ್ದೂ ಅಪ್ಪನೇ.

ಮೊದಲು ನಿದ್ದೆಯ ಮದ್ದು ಕೊಟ್ಟರು. ಡಾಕ್ಟರು ಒಂದು ಕೈ ಹಿಡಿದಿದ್ದರು, ಇನ್ನೊಂದನ್ನು ನಾನು ಹಿಡಿದಿದ್ದೆ. ಯಂತ್ರ ನಿಂತಾಗ ಆ ವಾರ್ಡು ಎಷ್ಟು ದೊಡ್ಡದು ಎಂದು ಮೊದಲ ಸಲ ಕಂಡಿತು. ಎದೆ ಸ್ವಲ್ಪ ಹೊತ್ತು ತಾನೇ ಪ್ರಯತ್ನ ಮಾಡಿತು. ಅದನ್ನು ನೋಡುವುದು ಕಷ್ಟ. ನೀನು ಎಷ್ಟೋ ಸಲ ನೋಡಿದ್ದೀಯ, ನಿನಗೆ ವಿವರಿಸಬೇಕಾಗಿಲ್ಲ. ನರ್ಸು ಕಿಟಕಿ ತೆರೆದಳು. ಕೆಳಗೆ ಲಾಂಡ್ರಿಯವರು ಜೋರಾಗಿ ಏನೋ ತಮಾಷೆ ಮಾಡಿಕೊಂಡು ನಗುತ್ತಿದ್ದರು.

ಮನೆಗೆ ಬಂದು ಅಡುಗೆಮನೆಯ ಬಾಗಿಲು ಎಳೆದು ನೋಡಿದೆ. ಒಂದುಗಳ ಸಾಲು ಅರ್ಧ ಅಳಿಸಿದೆ, ಹೊಡೆದು ಹಾಕಿದ ಸಂಖ್ಯೆಗಳು ಹಾಗೇ ಇವೆ. ಒರೆಸಲು ಮನಸ್ಸಾಗಲಿಲ್ಲ, ಹಾಗೇ ಬಿಡಲೂ ಮನಸ್ಸಾಗುತ್ತಿಲ್ಲ. ನೀನು ಬಂದು ಹೇಳಿದ ಹಾಗೆ ಮಾಡುತ್ತೇನೆ. ಬಾ ಎನ್ನುವ ಬಾಯಿ ನನಗಿಲ್ಲ. ಹೊಸ್ತಿಲು ತುಳಿಯಬೇಡ ಎಂದದ್ದು ಇದೇ ಬಾಯಿ. ಆದರೂ ಕದಕ್ಕೆ ಚಿಲಕ ಹಾಕುತ್ತಿಲ್ಲ.

ನಿನ್ನ ತಂಗಿ

ತಾ.ಕ.: ಒಂದು ವಿಷಯ ಬರೆಯದೆ ಲಕೋಟೆ ಅಂಟಿಸಿದ್ದೆ, ಈಗ ಬಿಚ್ಚಿ ಬರೆಯುತ್ತಿದ್ದೇನೆ. ನೀನು ಬಂದಿದ್ದೀಯಾ ಎಂದು ಬುಧವಾರ ಅಪ್ಪ ಮತ್ತೆ ಕೇಳಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಿನ್ನದೂ ನನ್ನದೂ ಒಂದೇ ಗಂಟಲು, ಫೋನಿನಲ್ಲಿ ಅಮ್ಮನೇ ಎಡವುತ್ತಿದ್ದಳು. ನಾನು ಹೊರಗೆ ಹೋಗಿ, ಚಪ್ಪಲಿ ಸದ್ದು ಮಾಡುತ್ತಾ ಒಳಗೆ ಬಂದು, ಇನ್ನೊಂದು ಪಕ್ಕದಲ್ಲಿ ಕೂತು, “ಅಪ್ಪಾ, ನಾನು ದೊಡ್ಡವಳು, ಬಂದಿದೀನಿ” ಎಂದೆ. ಕೈ ಹಿಡಿಯಲಿಲ್ಲ, ಬೆರಳ ತುದಿಯ ಸೂಜಿಗಾಯ ತಗುಲಿ ಗುರುತು ಸಿಕ್ಕೀತೆಂದು. ಬಹಳ ಹೊತ್ತು ರೆಪ್ಪೆ ಅಲುಗಲಿಲ್ಲ. ಆಮೇಲೆ ಅಕ್ಷರ ಕೇಳಿದರು. ನಿನ್ನ ದನಿಯಲ್ಲೇ ವರ್ಣಮಾಲೆ ಹೇಳಿದೆ. ಬಂದ ಮಾತು: ‘ತಂಗೀನ ಬೈಬೇಡ.’ ಕೂತಿದ್ದವಳು ಯಾರೆಂದು ಅವರಿಗೆ ತಿಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಮಾತು ನಿನಗೆ ಸೇರಬೇಕಾದದ್ದು, ತಲುಪಿಸಿದ್ದೇನೆ. ನಡೆಸಿಕೊಡುವುದು ಬಿಡುವುದು ನಿನಗೆ ಬಿಟ್ಟದ್ದು.